ಹಿಂದಕ್ಕೆ ಮುಖ ಮಾಡಿದ ಲೈಟು

ಕುರುಗೋಡಿನ ಉಚ್ಚೆಂಗೆಮ್ಮ ಮೂವತ್ತು ವರ್ಷ ಕಂಡವರ ಮಕ್ಕಳ ಮದುವೆಗೆ ಬೆಳಕು ಹೊತ್ತವಳು. ಇದು ಕವಿಗಳು ಹೇಳುವ ಥರದ ಹೊರುವುದಲ್ಲ, ನಿಜವಾಗಿಯೂ ಹೊರುವುದು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಹಲಗೆಯ ಮೇಲೆ ಭುಸುಗುಡುವ ಗ್ಯಾಸ್‌ಲೈಟು. ಮೆರವಣಿಗೆಯ ಆಚೆ ಬದಿಗೆ ಮೂವರು ಹೆಂಗಸರು, ಈಚೆ ಬದಿಗೆ ಮೂವರು, ನಡುವೆ ಕುದುರೆಯ ಮೇಲೆ ಮದುಮಗ. ತಾನೂ ಸೇರಿ ಆ ಆರು ಮಂದಿಗೆ ಇವಳೇ ಯಜಮಾನಿ. ಎಣ್ಣೆ ತುಂಬಿ, ಪಂಪು ಹೊಡೆದು, ಮ್ಯಾಂಟಲ್ ಎಂಬ ಬಿಳಿ ಬಲೆಯ ಪುಟ್ಟ ಚೀಲವನ್ನು ಕಟ್ಟಿ ಹೊತ್ತಿಸುವುದರಲ್ಲಿ ಅವಳನ್ನು ಮೀರಿಸುವವರು ಕಂಪ್ಲಿ ದಾಟಿದರೂ ಸಿಗುತ್ತಿರಲಿಲ್ಲ. ಸುಮ್ಮನೆ ಹೊಗಳುತ್ತಿಲ್ಲ, ಬೇಕಾದರೆ ವಿಚಾರಿಸಿ ನೋಡಿ.

ಆಗ ಗಣಿಯ ದುಡ್ಡಿನ ಕಾಲ. ನಿನ್ನೆಯವರೆಗೆ ಸೈಕಲ್ಲು ತುಳಿಯುತ್ತಿದ್ದವನು ಇವತ್ತು ಎರಡು ಟಿಪ್ಪರಿನ ಮಾಲೀಕ. ಮನೆಗಳು ದೊಡ್ಡವಾದವು, ಕಾರುಗಳು ದೊಡ್ಡವಾದವು, ಮದುವೆಗಳಂತೂ ಕೇಳುವುದೇ ಬೇಡ. ಉಚ್ಚೆಂಗೆಮ್ಮ ಖುಷಿಯಾಗಿದ್ದಳು. ದೊಡ್ಡ ಮದುವೆ ಎಂದರೆ ಉದ್ದ ಮೆರವಣಿಗೆ, ಉದ್ದ ಮೆರವಣಿಗೆ ಎಂದರೆ ಹೆಚ್ಚು ಬೆಳಕು ಎಂದು ಅವಳ ಲೆಕ್ಕ. ಆ ಲೆಕ್ಕ ತಲೆಕೆಳಗಾದದ್ದು ಸಿರುಗುಪ್ಪದ ಸುವರ್ಣಮ್ಮನ ಮನೆಯ ಜಗಲಿಯ ಮೇಲೆ.

ಸುವರ್ಣಮ್ಮ ರೈಸ್ ಮಿಲ್ಲಿನ ಒಡತಿ. ಮಗ ಸಮ್ರಾಟ್ ಅದಿರಿನ ಲಾರಿ ಓಡಿಸಿ ನಾಲ್ಕು ಕಾಸು ಕಂಡಿದ್ದ, ಈಗ ಅವನ ಮದುವೆ. ಉಚ್ಚೆಂಗೆಮ್ಮ ಎಲೆಅಡಿಕೆ ತೆಗೆದುಕೊಂಡು ಮಾತಾಡಲು ಹೋದರೆ ಆಕೆ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು.

"ಹೆಣ್ಮಕ್ಕಳ ತಲಿ ಮ್ಯಾಲೆ ದೀಪ ಹೊರಿಸೋದು ಈಗ ಚಂದ ಕಾಣಂಗಿಲ್ಲವ್ವಾ. ಬೀಗರು ನಗ್ತಾರ. ಬಳ್ಳಾರಿ ಲೈಟಿನ ಅಂಗಡಿಯವ್ರಿಗೆ ಹೇಳಬೇಕಂತ ಮಾಡೀವಿ."

ಈ ಮನೆಯವರು ಕೈಬಿಟ್ಟರೆ ಸಿರುಗುಪ್ಪದ ಉಳಿದ ಮನೆಗಳೂ ಬಿಡುತ್ತವೆ, ಸಿರುಗುಪ್ಪ ಬಿಟ್ಟರೆ ಕುರುಗೋಡೂ ಬಿಡುತ್ತದೆ. ಆರು ಹೆಂಗಸರ ಅನ್ನ ಆ ಒಂದು ಮಾತಿನಲ್ಲಿತ್ತು. ಉಚ್ಚೆಂಗೆಮ್ಮನಿಗೆ ಏನು ಹೊಳೆಯಿತೋ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ತಲಿ ಮ್ಯಾಲೆ ಯಾರು ಹೊರ್ತಾರ್ರಿ? ನಾವು ಈಗ ಗಾಡಿ ಮ್ಯಾಲೆ ಲೈಟ್ ತರ್ತೀವಿ!"

ಗಾಡಿಯೂ ಇರಲಿಲ್ಲ, ಲೈಟೂ ಇರಲಿಲ್ಲ. ಸುವರ್ಣಮ್ಮ ಹುಬ್ಬೇರಿಸಿದಳು. "ಹಂಗಾದ್ರ ಶನಿವಾರ ಮಿಲ್ಲಿಗೆ ತಂದು ತೋರ್ಸು. ಚಂದ ಇದ್ರ ನಿಮಗ, ಇಲ್ಲಂದ್ರ ಅವ್ರಿಗೆ."

ಶನಿವಾರಕ್ಕೆ ನಾಲ್ಕೇ ದಿನ. ಬಸ್ಸಿನಲ್ಲಿ ಕುರುಗೋಡಿಗೆ ಮರಳುವಾಗ ಉಚ್ಚೆಂಗೆಮ್ಮನಿಗೆ ಹೆದರಿಕೆಯಾಗಬೇಕಿತ್ತು. ಅವಳಿಗೋ ಹುಮ್ಮಸ್ಸು ಬಂದಿತ್ತು. ಇಳಿದವಳೇ ತಮ್ಮ ಜೋಗಪ್ಪನ ಮನೆಗೆ ನಡೆದಳು. ಜೋಗಪ್ಪನ ಹತ್ತಿರ ಭತ್ತದ ಚೀಲ ಹೊರುವ ಒಂದು ಹಳೆಯ ಪಿಕಪ್ ಇತ್ತು.

"ಅಕ್ಕಾ, ಇದು ಭತ್ತ ಹೊರೋ ಗಾಡಿ. ಇದಕ್ಕೆಲ್ಲಿಂದ ಮದುವಿ ಕಳಿ ಬರ್ಬೇಕು?" ಎಂದು ಅವನು ರಾಗ ಎಳೆದ.

"ತೊಳಿ, ಬರ್ತೈತಿ," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಪಿಕಪ್ ಬಳ್ಳಾರಿಯ ಪಾರ್ವತಿನಗರದ ಹಿಂದಿನ ಬೀದಿಯಲ್ಲಿ ದಾದಾಪೀರನ ಅಂಗಡಿ ಮುಂದೆ ನಿಂತಿತು. ದಾದಾಪೀರ್ ಗಾಡಿಗಳ ಕರೆಂಟಿನ ಕೆಲಸದವನು. ಗಣಿಗೆ ಹೋಗುವ ಜೀಪುಗಳಿಗೆ ಲೈಟು, ಹಾರನ್ನು ಕೂರಿಸುವುದರಲ್ಲಿ ಅವನ ಕೈ ಪಳಗಿತ್ತು. ಉಚ್ಚೆಂಗೆಮ್ಮನ ಮಾತು ಕೇಳಿ ಅವನು ಒಳಗಿನಿಂದ ತೋಳುದ್ದದ ಒಂದು ಕಪ್ಪು ಪಟ್ಟಿ ತಂದ. ಮುಂದೆ ಗಾಜು, ಗಾಜಿನೊಳಗೆ ಎರಡು ಸಾಲು ಕಾಳಿನಷ್ಟು ಸಣ್ಣ ದೀಪ, ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳು.

"ಎಲ್‌ಇಡಿ ಬಾರ್ ಅಂತಾರಕ್ಕಾ ಇದಕ್ಕ. ಮುಂಬೈಯಿಂದ ತರಿಸೀನಿ. ಬಳ್ಳಾರಿಯಾಗ ಇನ್ನಾ ನಾಕು ಜೀಪಿಗೂ ಇಲ್ಲ."

ಎರಡು ವೈರುಗಳನ್ನು ಬ್ಯಾಟರಿಗೆ ಮುಟ್ಟಿಸಿದ. ನಡುಹಗಲಿನಲ್ಲಿ ಎದುರಿನ ಗೋಡೆ ಬೆಳ್ಳಗಾಯಿತು. ಉಚ್ಚೆಂಗೆಮ್ಮ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಹೆಜ್ಜೆ ಮುಂದೆ ಬಂದಳು.

"ಎಣ್ಣಿ ಎಲ್ಲಿ ಹಾಕ್ಬೇಕು?"

"ಎಣ್ಣಿ ಬ್ಯಾಡ."

"ಪಂಪು?"

"ಬ್ಯಾಡಕ್ಕಾ."

"ಗಾಳಿಗೆ ಆರಂಗಿಲ್ಲ?"

"ಮಳಿಗೂ ಆರಂಗಿಲ್ಲ!"

"ಹಾಕು," ಎಂದಳು ಉಚ್ಚೆಂಗೆಮ್ಮ. ಆರು ಮಂದಿ ಕೂಡಿಸಿಟ್ಟಿದ್ದ ದುಡ್ಡೆಲ್ಲ ಅದಕ್ಕೇ ಸರಿಹೋಯಿತು, ಆ ಮಾತು ಅಲ್ಲಿಗೇ ಬಿಡೋಣ.

ಕೆಲಸ ಶುರುವಾಯಿತು. ದಪ್ಪ ವೈರನ್ನು ಬ್ಯಾಟರಿಯಿಂದ ಎಳೆದು, ನಡುವೆ ಫ್ಯೂಸು, ಅದರ ಮುಂದೆ ರಿಲೇ ಎಂಬ ಪುಟ್ಟ ಡಬ್ಬಿ, ಕೊನೆಗೆ ಸ್ಟಿಯರಿಂಗಿನ ಪಕ್ಕ ಒಂದು ಸ್ವಿಚ್ಚು. ಉಚ್ಚೆಂಗೆಮ್ಮ ಹಳೆ ಟೈರಿನ ಮೇಲೆ ಕುಕ್ಕರಿಸಿ ಇದೇನು, ಅದೇನು ಎಂದು ಕೇಳಿ ಕೇಳಿ ದಾದಾಪೀರನ ತಲೆ ತಿಂದಳು. ಫ್ಯೂಸು ಯಾಕೆ ಎಂದರೆ, ಕರೆಂಟು ಮಿತಿ ಮೀರಿದರೆ ಅದು ತಾನು ಸುಟ್ಟುಕೊಂಡು ಲೈಟನ್ನು ಉಳಿಸುತ್ತದೆ ಎಂದ. "ಪಾಪ, ಮನಿ ಹಿರಿ ಸೊಸಿ ಇದ್ದಂಗ," ಎಂದಳು. ಪಕ್ಕದ ಅಂಗಡಿಯವರೂ ನಕ್ಕರು.

ಮಧ್ಯಾಹ್ನ ಅವಳು ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಲು ಹೋಗಿ ಬರುವಷ್ಟರಲ್ಲಿ ಪಟ್ಟಿ ಕ್ಯಾಬಿನ್ನಿನ ನೆತ್ತಿಯ ಮೇಲೆ ಠೀವಿಯಿಂದ ಕೂತಿತ್ತು. ಉಚ್ಚೆಂಗೆಮ್ಮನ ಕೈಯಲ್ಲಿದ್ದ ಪೊಟ್ಟಣ ಬೀಳುವುದೊಂದು ಬಾಕಿ.

"ಲೇ ದಾದಾಪೀರಾ, ಉಲ್ಟಾ ಹಾಕೀಯಲ್ಲೋ!"

ದಾದಾಪೀರ್ ಲೈಟು ನೋಡಿದ, ಗಾಡಿ ನೋಡಿದ, ಅವಳನ್ನು ನೋಡಿದ. "ಉಲ್ಟಾ ಎಲ್ಲೈತಕ್ಕಾ? ಮಾರಿ ಮುಂದಕ್ಕೈತಿ."

"ಅದಕ್ಕ ಹೇಳಿದ್ದು ಉಲ್ಟಾ ಅಂತ. ಹಿಂದಕ್ಕ ತಿರುಗ್ಸು!"

"ಗಾಡಿಗೆ ದಾರಿ ಕಾಣೋದು ಬ್ಯಾಡೇನು?"

"ದಾರಿ ತಗಂಡು ಏನ್ ಮಾಡ್ಲಿ? ಹುಟ್ಟಿದಾಗಿಂದ ನೋಡೀವಿ ದಾರೀನ. ಮದುಮಗನ ಮಾರಿ ಕಾಣಬೇಕು!"

ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ದಾದಾಪೀರನಿಗೆ ಇಂಥ ಮಾತು ಹೇಳಿರಲಿಲ್ಲ. ಉಚ್ಚೆಂಗೆಮ್ಮನಿಗೋ ಬೆಳಕು ಇರುವುದು ನೋಡುವುದಕ್ಕಲ್ಲ, ಕಾಣಿಸುವುದಕ್ಕೆ. ಅವಳು ಪಟ್ಟು ಬಿಡಲಿಲ್ಲ. ಅವನು ಗೊಣಗುತ್ತಲೇ ಕ್ಯಾಬಿನ್ನಿನ ಹಿಂದೆ ಪೈಪಿನ ಚೌಕಟ್ಟು ನಿಲ್ಲಿಸಿ, ರಬ್ಬರ್ ವಾಷರ್ ಕೊಟ್ಟು, ನಟ್ಟು ಬಿಗಿದು ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದ. "ಯಾರ್ಗೂ ನನ್ನ ಹೆಸರು ಹೇಳಬ್ಯಾಡಕ್ಕಾ," ಎಂದು ಕೈ ಮುಗಿದ. ಆದರೆ ಶನಿವಾರ ಅಂಗಡಿ ಮುಚ್ಚಿ ಅವನೂ ಪಿಕಪ್ ಹತ್ತಿದ. ತಮಾಷೆ ತಪ್ಪಿಸಿಕೊಳ್ಳುವ ಆಸಾಮಿ ಅವನಲ್ಲ.

ಸುವರ್ಣಮ್ಮನಿಗೆ ಸಂಜೆಯವರೆಗೆ ಕಾಯುವ ತಾಳ್ಮೆ ಎಲ್ಲಿ? ಮಟಮಟ ಮಧ್ಯಾಹ್ನ ಪಿಕಪ್ಪನ್ನು ಅಕ್ಕಿ ಗೋದಾಮಿನೊಳಗೆ ತರಿಸಿ, ಬಾಗಿಲುಗಳನ್ನೆಲ್ಲ ಮುಚ್ಚಿಸಿ ಕತ್ತಲು ಮಾಡಿಸಿದಳು. ಪಿಕಪ್ಪಿನ ಹಿಂದೆ ಸಮ್ರಾಟ್ ರೇಷ್ಮೆ ಅಂಗಿ ಹಾಕಿಕೊಂಡು ನಿಂತ. ಉಚ್ಚೆಂಗೆಮ್ಮನ ಗುಂಪಿನ ವಿರೂಪಮ್ಮ ಮೊದಲಾದ ಐವರು ಚೀಲಗಳ ಪಕ್ಕ ಸೆರಗು ಕಚ್ಚಿಕೊಂಡು ನಿಂತರು. ಜೋಗಪ್ಪ ಸ್ವಿಚ್ಚು ಒತ್ತಿದ.

ಸಮ್ರಾಟ್ "ಅಯ್ಯಪ್ಪಾ!" ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹಮಾಲರು ಗೋಡೆಗೆ ತಿರುಗಿದರು. ಗೋದಾಮಿನಲ್ಲಿದ್ದ ಒಂದೊಂದು ಮೊಡವೆ, ಒಂದೊಂದು ಸುಕ್ಕು ಎದ್ದು ಕಂಡಿತು, ಸುವರ್ಣಮ್ಮನ ಮುಖದ ಪೌಡರಂತೂ ಸುಣ್ಣದ ಹಾಗೆ.

"ಇವ ಮದುಮಗನೋ, ಪೊಲೀಸ್ರು ಹಿಡಿದ ಕಳ್ಳನೋ?" ಎಂದಳು ಸುವರ್ಣಮ್ಮ. "ಆರ್ಸವ್ವಾ, ಸಾಕು."

ಐವರ ಕಣ್ಣೂ ಉಚ್ಚೆಂಗೆಮ್ಮನ ಮೇಲೆ. ದಾದಾಪೀರ್ ಕಿವಿಯ ಹತ್ತಿರ, "ಹೇಳಿದ್ನಲ್ಲಕ್ಕಾ, ಇದು ದಾರಿ ನೋಡೋ ಲೈಟು," ಎಂದ. ಅವಳು ಆರಿದ ಪಟ್ಟಿಯನ್ನೇ ದಿಟ್ಟಿಸಿದಳು. ಕಾಳುಗಳು ಗಾಜಿನ ಹಿಂದೆ ಬತ್ತಲೆ ಕೂತಿದ್ದವು.

"ಇದಕ್ಕ ಮ್ಯಾಂಟಲ್ ಎಲ್ಲೈತಿ?"

ದಾದಾಪೀರ್ ಕಿಸಕ್ಕನೆ ನಕ್ಕ. "ಕರೆಂಟಿಗೆ ಮ್ಯಾಂಟಲ್ ಏನಕ್ಕಾ!"

"ಮ್ಯಾಂಟಲ್ ಇಲ್ದ ಬೆಳಕು ಬೆಳಕೇನೋ? ಜೋಗಾ, ನಿನ್ನ ರುಮಾಲು ತೆಗಿ."

ಜೋಗಪ್ಪ ಕಣ್ಣು ಬಿಡುವಷ್ಟರಲ್ಲಿ ಅವನ ತಲೆಯ ಬಿಳಿ ರುಮಾಲು ಅಕ್ಕನ ಕೈಯಲ್ಲಿತ್ತು. ಗಾಡಿ ಹತ್ತಿ, ಬಟ್ಟೆಯನ್ನು ಎರಡು ಪದರ ಮಾಡಿ ಲೈಟಿನ ಮುಂದೆ ಹಿಡಿದಳು. ದಾದಾಪೀರ್ ನಗು ನಿಲ್ಲಿಸಿ ಹತ್ತಿರ ಬಂದ. "ಬಿಸಿ ಹಿಂದಿನ ರೆಕ್ಕಿಗೆ ಬರ್ತೈತಿ, ಮುಂದ ಅಷ್ಟಿಲ್ಲ. ಆದ್ರೂ ಗೇಣು ದೂರ ಇರ್ಲಿ," ಎಂದು ಗೊಣಗಿ, ಗಟ್ಟಿ ತಂತಿ ಬಗ್ಗಿಸಿ ಚೌಕ ಮಾಡಿ ಬಟ್ಟೆಯನ್ನು ಬಿಗಿದ. ಪಟ್ಟಿಯನ್ನು ಎರಡು ಮೊಳ ಎತ್ತರಿಸಿದ. ಅವಳು ಕೈಸನ್ನೆ ಮಾಡಿದಳು.

ಈ ಸಲ ಬೆಳಕು ಚುಚ್ಚಲಿಲ್ಲ. ಹಾಲಿನಂತೆ ಮೇಲಿನಿಂದ ಇಳಿಯಿತು. ರೇಷ್ಮೆ ಅಂಗಿ ಮಿನುಗಿತು, ಸಮ್ರಾಟ್ ನಾಚಿಕೊಂಡು ನಕ್ಕದ್ದು ಗೋದಾಮಿನ ಆಚೆ ತುದಿಯವರೆಗೂ ಕಂಡಿತು.

"ನಮ್ಮ ಮದುವಿ ದಿನ ಹಿಂಗಾ ಇತ್ತು ಬೆಳಕು," ಎಂದಳು ಸುವರ್ಣಮ್ಮ. "ಆತವ್ವಾ, ಗಾಡಿ ಬರ್ಲಿ."

ಹೆಂಗಸರು ಕೇಕೆ ಹಾಕಿದರು. ಆದರೆ ಸುವರ್ಣಮ್ಮನ ಮಾತು ಮುಗಿದಿರಲಿಲ್ಲ. "ನೀನು ಬಾ, ನಿನ್ನ ತಮ್ಮ ಬರ್ಲಿ. ತಲಿ ಮ್ಯಾಲೆ ಹೊರೋದೇ ಇಲ್ಲಂದ ಮ್ಯಾಲೆ ಉಳಿದ ಐದು ಮಂದಿ ಯಾಕ?"

ಅಯ್ಯೋ, ಉಚ್ಚೆಂಗೆಮ್ಮ ಇದನ್ನೊಂದು ಯೋಚಿಸಿಯೇ ಇರಲಿಲ್ಲ! ಲೈಟಿನ ಸಂಭ್ರಮದಲ್ಲಿ ತನ್ನವರ ಕೆಲಸವನ್ನು ತಾನೇ ಕಳೆದು ಕೂತಿದ್ದಳು. ವಿರೂಪಮ್ಮನ ಕೇಕೆ ಬಾಯಲ್ಲೇ ಉಳಿಯಿತು. ಉಚ್ಚೆಂಗೆಮ್ಮ ಗಾಡಿಯಿಂದ ಇಳಿದು ಮುಂದೆ ಬಂದಳು.

"ಆರೂ ಮಂದಿ ಬರ್ತೀವ್ರಿ. ಅವತ್ತು ಹೆಚ್ಚಾತು ಅನ್ನಿಸಿದ್ರ ಇನ್ನೊಮ್ಮಿ ಕರೀಬ್ಯಾಡ್ರಿ."

ಮದುವೆಯ ಸಂಜೆ ಸಿರುಗುಪ್ಪದ ಮಾರ್ಕೆಟ್ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬ್ಯಾಂಡು, ಪಟಾಕಿ, ಕುದುರೆ, ಅದರ ಮುಂದೆ ರುಮಾಲು ಕಟ್ಟಿಕೊಂಡ ಲೈಟಿನ ಪಿಕಪ್. ಬೆಳಕು ಬಿದ್ದ ಕೂಡಲೇ ಮಾಳಿಗೆಗಳ ಮೇಲಿದ್ದವರು ಓ ಎಂದರು. ಉಚ್ಚೆಂಗೆಮ್ಮನ ಕಾಲು ನೆಲದ ಮೇಲಿರಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಎಡವಟ್ಟಾಯಿತು. ಜೋಗಪ್ಪನಿಗೆ ಹಿಂದೆ ಏನೂ ಕಾಣುವುದಿಲ್ಲ. ಕುದುರೆ ನಿಂತರೂ ಅವನು ಹೋದ, ಮದುಮಗ ಕತ್ತಲಲ್ಲಿ ಉಳಿದ. ಬೈದರೆಂದು ಗಕ್ಕನೆ ಬ್ರೇಕು ಹಾಕಿದ, ಕುದುರೆ ಬಂದು ಗಾಡಿಗೆ ಮೂಗು ತಾಗಿಸಿತು. ಸುವರ್ಣಮ್ಮನ ಮುಖ ಗಂಟಿಕ್ಕಿತು.

ಉಚ್ಚೆಂಗೆಮ್ಮ ಗಾಡಿಯಿಂದ ಧುಮುಕಿದಳು. ಮದುಮಗನ ಕುದುರೆ ಎಷ್ಟು ಹೆಜ್ಜೆಗೆ ನಿಲ್ಲುತ್ತದೆ, ಎಲ್ಲಿ ಆರತಿ ಬರುತ್ತದೆ, ಎಲ್ಲಿ ತಿರುವಿನಲ್ಲಿ ನಿಧಾನಿಸಬೇಕು, ಇದೆಲ್ಲ ಗಾಡಿಗೆ ಗೊತ್ತಿಲ್ಲ, ಆರು ಹೆಂಗಸರ ಕಾಲಿಗೆ ಗೊತ್ತು.

"ಇಬ್ಬರು ಕುದುರಿ ಹಂತ್ಯಾಕ ನಿಲ್ರೇ! ಇಬ್ಬರು ಗಾಡಿ ಮಗ್ಗಲಕ! ವಿರೂಪಮ್ಮ, ನೀನು ನನ್ನ ಕೂಡ ಮುಂದಕ ಬಾ! ಜೋಗಾ, ಎಲ್ಲೂ ನೋಡಬ್ಯಾಡ, ನಮ್ಮ ಕಾಲು ನೋಡಿ ನಡೆಸು!"

ಕುದುರೆ ನಿಂತರೆ ಹಿಂದಿನವರ ಕೈ ಮೇಲೇಳುತ್ತಿತ್ತು, ಅದನ್ನು ಕಂಡು ನಡುವಿನವರು ಕೂಗುತ್ತಿದ್ದರು, ಮುಂದಿನವರು ನಿಲ್ಲುತ್ತಿದ್ದರು, ಗಾಡಿಯೂ ನಿಲ್ಲುತ್ತಿತ್ತು. ಬೆಳಕು ಮದುಮಗನ ಮೇಲಿನಿಂದ ಗೇಣು ಕೂಡ ಅಲುಗಲಿಲ್ಲ. ಒಬ್ಬಳು ಕಡಿಮೆಯಾಗಿದ್ದರೂ ಈ ಕೆಲಸ ನಡೆಯುತ್ತಿರಲಿಲ್ಲ.

ಹೀಗೆ ಅರ್ಧ ಬೀದಿ ಕಳೆಯಿತು. ಬ್ಯಾಂಡಿನವರು ತಮಟೆಯ ಏಟು ಶುರು ಮಾಡಿದರು. ಇಷ್ಟು ವರ್ಷ ಈ ಏಟನ್ನು ಕತ್ತು ಅಲ್ಲಾಡಿಸದೆ ಕೇಳಿದವರು ಆ ಆರು ಹೆಂಗಸರು, ಕತ್ತು ಅಲ್ಲಾಡಿದರೆ ತಲೆಯ ಮೇಲಿನ ಬೆಂಕಿ ಉರುಳುತ್ತಿತ್ತು. ಮೊದಲು ವಿರೂಪಮ್ಮನ ಭುಜ ಅಲುಗಿತು. "ಲೇ, ಕೆಲಸದಾಗ ಅದೀವಿ," ಎಂದು ಉಚ್ಚೆಂಗೆಮ್ಮ ಗದರಿದಳು. ಗದರುತ್ತಿರುವಾಗಲೇ ಅವಳದೇ ಕಾಲು ಕುಣಿಯತೊಡಗಿತ್ತು. ಪಾಪದ ಜೋಗಪ್ಪ ಹೇಳಿದಂತೆ ಕಾಲು ನೋಡಿ ನಡೆಸಿದ: ಗಾಡಿ ಎರಡು ಹೆಜ್ಜೆ ಮುಂದೆ, ಒಂದು ನಿಲುಗಡೆ, ಎರಡು ಹೆಜ್ಜೆ ಮುಂದೆ. ಬೆಳಕು ಮೆಲ್ಲಗೆ ತೂಗಿತು. ಇದೇ ಹೊಸ ಶೈಲಿ ಎಂದುಕೊಂಡು ಮದುಮಗನ ಗೆಳೆಯರೂ ಬೀಗರೂ ಕುಣಿದರು.

ಆಗ ಸುವರ್ಣಮ್ಮ ಸೀರೆ ಎತ್ತಿಕೊಂಡು ಏದುಸಿರು ಬಿಡುತ್ತ ಮುಂದಕ್ಕೆ ಬಂದಳು. ಉಚ್ಚೆಂಗೆಮ್ಮ ಕಲ್ಲಾದಳು.

"ತಪ್ಪಾತ್ರಿ," ಎಂದಳು.

"ಏನು ತಪ್ಪು? ಬೀಗರು ಕೇಳಾಕತ್ಯಾರ, ಬರೋ ವಾರ ಬಳ್ಳಾರಿಯಾಗ ಅವ್ರ ಮನಿ ಮದುವಿಗೆ ನೀವಾ ಬರ್ಬೇಕಂತ. ಎಷ್ಟು ಮಂದಿ ಅಂತ ಹೇಳ್ಲಿ?"

ಉಚ್ಚೆಂಗೆಮ್ಮ ಒಂದು ಕೈಯ ಐದು ಬೆರಳು ಎತ್ತಿದಳು, ಇನ್ನೊಂದು ಕೈಯ ಒಂದು ಬೆರಳು ಎತ್ತಿದಳು. ಸುವರ್ಣಮ್ಮ ತಲೆಯಾಡಿಸಿ ಹಿಂದಕ್ಕೆ ಹೋದಳು. ಉಚ್ಚೆಂಗೆಮ್ಮ ಕೈ ಇಳಿಸಲಿಲ್ಲ. ಆ ಎರಡೂ ಕೈಗಳನ್ನು ಹಾಗೇ ತಲೆಯ ಮೇಲೆ ಎತ್ತಿಕೊಂಡು ಮದುವೆ ಮನೆಯ ಬಾಗಿಲವರೆಗೂ ಕುಣಿದಳು.