ಚಿಕ್ಕಸಿದ್ದಮ್ಮನ ಹಿಮ್ಮೇಳ

ಘಟಿಕೋತ್ಸವದ ವೇದಿಕೆಯ ಮೇಲೆ ಕೆಂಪು ನಿಲುವಂಗಿ ತೊಟ್ಟು ಕುಳಿತ ಚಿಕ್ಕಸಿದ್ದಮ್ಮನಿಗೆ ತಾನು ಎಚ್ಚರವಾಗಿರುವೆನೋ ಇಲ್ಲವೋ ಎಂಬ ಅನುಮಾನವಿತ್ತು. ಸಭಾಂಗಣದ ದೀಪಗಳು ನಾಟಿಗೆ ಮುನ್ನ ತನ್ನೂರು ಭೇರ್ಯದ ಗದ್ದೆಗಳಲ್ಲಿ ನಿಂತ ನೀರಿನಂತೆ ಹೊಳೆಯುತ್ತಿದ್ದವು. ಕೆಳಗೆ ಸಾಲಾಗಿ ಕುಳಿತವರು ಆ ನೀರೊಳಗಿನ ನೆರಳುಗಳಂತೆ ಅಲುಗುತ್ತಿದ್ದರು. ನಾಟಿಯ ಕೂಲಿ ಅವಳ ಹೊಟ್ಟೆ ಹೊರೆದರೆ ಸೋಬಾನೆ ಅವಳನ್ನು ಬದುಕಿಸಿತ್ತು. ಕೆಸರಿನಲ್ಲಿ ಬಾಗಿ ಕಲಿತ ಹಾಡು ಅವಳನ್ನು ಮದುವೆಮನೆಗಳ ಹಸೆಯ ಮುಂದೆ ಕೂರಿಸಿತು. ಹುಣಸೂರು, ಪಿರಿಯಾಪಟ್ಟಣಗಳಿಗೆ, ಆಕಾಶವಾಣಿಗೆ, ಕೊನೆಗೆ ಈ ಗೌರವ ಡಾಕ್ಟರೇಟಿನವರೆಗೂ ಕರೆತಂದಿತು.

ಆದರೆ ಆ ಹಾದಿಯಲ್ಲಿ ಅವಳು ಎಂದೂ ಒಬ್ಬಳೇ ನಡೆದವಳಲ್ಲ. ಅರ್ಧ ಸಾಲನ್ನು ಅವಳು ಎತ್ತಿ ನಿಲ್ಲಿಸುವಳು. ಉಳಿದರ್ಧವನ್ನು ಓರಗಿತ್ತಿ ಪುಟ್ಟಲಕ್ಷ್ಮಿ ಹಿಂದಿನಿಂದ ಹಿಡಿದು ಮುಗಿಸುವಳು. ಅವರ ಸೋಬಾನೆಯ ಕ್ರಮವೇ ಅದು: ಎತ್ತಿದವಳು ಮುಗಿಸುವಂತಿಲ್ಲ.

ಹೊರಡುವ ಹಿಂದಿನ ಸಂಜೆ ಪುಟ್ಟಲಕ್ಷ್ಮಿ ಜಗಲಿಯ ಮೇಲೆ ಬಂದು ಕುಳಿತಿದ್ದಳು.

"ಕಾರಲ್ಲಿ ಜಾಗ ಐತೇನಕ್ಕ?"

"ಮಗ, ಸೊಸೆ, ಬೀಗ್ರು ಎಲ್ಲಾ ಬತ್ತಾವ್ರೆ ಕಣೆ. ದೊಡ್ಡೋರ ಸಭೆ, ನೀ ಬಂದು ಏನ್ ಮಾಡೀಯೆ?"

"ಅದೂ ಸರಿ ಬುಡು. ಡಾಕ್ಟ್ರಮ್ಮನ ಪಕ್ಕದಲ್ಲಿ ಕೂಲಿಯೋಳು ಯಾಕೆ?" ಎಂದು ನಕ್ಕು ಎದ್ದಿದ್ದಳು. ಆ ನಗು ಕಣ್ಣಿನವರೆಗೂ ಏರಿರಲಿಲ್ಲ.

ಪದವಿ ಪ್ರದಾನವಾಯಿತು. ಕುಲಪತಿಗಳು ಬಾಗಿ, "ಅಮ್ಮಾ, ಒಂದು ಹಾಡು ಹೇಳಿ" ಎಂದರು.

"ಕಾಲುವೆ ದಾಟಿ ಬಂದಾಳೆ ಮದುವಣಗಿತ್ತಿ..." ಎಂದು ಎತ್ತಿದ ಚಿಕ್ಕಸಿದ್ದಮ್ಮ ರೂಢಿಯಂತೆ ನಿಂತಳು. ಕಾದಳು. ಬೆನ್ನ ಹಿಂದೆ ನೀಲಿ ಪರದೆಯಲ್ಲದೆ ಯಾರೂ ಇರಲಿಲ್ಲ. ಹಾಡು ಮುಗಿಯಿತೆಂದು ಭಾವಿಸಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಸದ್ದಿನ ನಡುವೆ ಅವಳ ಅರ್ಧ ಸಾಲು ಒಂದು ಕಡೆಯ ಹಗ್ಗ ಹರಿದ ತೊಟ್ಟಿಲಿನಂತೆ ತೂಗಾಡುತ್ತಲೇ ಇತ್ತು. ಮನೆಗೆ ಮರಳಿದ ಮೇಲೂ, ಕಾಲುವೆಯ ಏರಿಯ ಮೇಲೆ ನಡೆಯುವಾಗಲೂ, ಅದು ಅವಳನ್ನು ಬಿಡಲಿಲ್ಲ.

ಮುಂದಿನ ವಾರ ಭೇರ್ಯದ ಸುನಂದಮ್ಮನ ಮನೆಯಲ್ಲಿ ಮಗಳ ಅರಿಸಿನ ಶಾಸ್ತ್ರ. ಡಾಕ್ಟರೇಟ್ ಪಡೆದವಳೆಂದು ಚಿಕ್ಕಸಿದ್ದಮ್ಮನಿಗೆ ಕುರ್ಚಿ ಹಾಕಿದ್ದರು. ಪುಟ್ಟಲಕ್ಷ್ಮಿ ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತು ಅರಿಸಿನ ಕಲಸುತ್ತಿದ್ದಳು.

"ಸುರು ಮಾಡ್ರವ್ವ, ಅರಿಸಿನ ಒಣಗೋಯ್ತದೆ" ಎಂದಳು ಸುನಂದಮ್ಮ.

ಚಿಕ್ಕಸಿದ್ದಮ್ಮ ಅದೇ ಸಾಲನ್ನು ಎತ್ತಿ ನಿಂತಳು. ಪುಟ್ಟಲಕ್ಷ್ಮಿಯ ಬೆರಳುಗಳು ಬಟ್ಟಲಿನಲ್ಲಿ ತಿರುಗುತ್ತಲೇ ಇದ್ದವು; ಬಾಯಿ ತೆರೆಯಲಿಲ್ಲ. ಹೆಂಗಸರು ಮುಖಮುಖ ನೋಡಿಕೊಂಡರು. ಇವಳು ಇನ್ನು ಹಾಡದಿದ್ದರೆ ತನ್ನ ಪಾಲಿಗೆ ಸೋಬಾನೆಯೇ ಮುಗಿದಂತೆ ಎಂದು ಚಿಕ್ಕಸಿದ್ದಮ್ಮನಿಗೆ ಹೊಳೆಯಿತು.

ಅವಳು ಕುರ್ಚಿ ಬಿಟ್ಟು ಎದ್ದಳು. ಹೋಗಿ, ಪುಟ್ಟಲಕ್ಷ್ಮಿಯನ್ನು ತುಸು ಮುಂದೆ ಸರಿಸಿ, ಅವಳ ಬೆನ್ನ ಹಿಂದೆ ಚಾಪೆಯ ಮೇಲೆ ಕುಳಿತಳು.

"ನೀ ಎತ್ತೆ, ಪುಟ್ಟಿ."

"ನಾನಾ? ನಾ ಯಾವತ್ತು ಎತ್ತಿವ್ನಿ? ಜನ ಆಡ್ಕಂಡಾರು."

"ಆಡ್ಕಳ್ಳಿ ಬುಡು. ಅಲ್ಲಿ ಅಷ್ಟೊಂದು ಜನ ಇದ್ರು, ನನ್ ಹಿಂದ್ಗಡೆ ಒಬ್ರೂ ಇರ್ನಿಲ್ಲ ಕಣೆ."

"ಕಾರಲ್ಲಿ ಜಾಗ ಇರ್ನಿಲ್ವಲ್ಲ."

"ಇತ್ತು" ಎಂದಳು ಚಿಕ್ಕಸಿದ್ದಮ್ಮ. "ನಾನೇ ಇಲ್ಲ ಅನ್ನಂಗೆ ಮಾಡ್ದೆ."

ಪುಟ್ಟಲಕ್ಷ್ಮಿ ಅರಿಸಿನದ ಬಟ್ಟಲನ್ನು ಪಕ್ಕಕ್ಕಿಟ್ಟಳು. ಅನಂತರ, ತಣ್ಣನೆಯ ಗದ್ದೆಯ ನೀರಿಗೆ ಮೊದಲ ಹೆಜ್ಜೆ ಇಡುವವಳಂತೆ ಅಳುಕುತ್ತ, ಅವಳ ದನಿ ಎದ್ದಿತು. ಅರ್ಧಕ್ಕೆ ನಿಂತಿತು. ಚಿಕ್ಕಸಿದ್ದಮ್ಮನಿಗೆ ಉಳಿದರ್ಧ ಹಿಡಿಯುವುದು ಒಂದು ಗಳಿಗೆ ತಡವಾಯಿತು.

"ತಡ ಆಯ್ತು, ಡಾಕ್ಟ್ರಮ್ಮ" ಎಂದು ಪುಟ್ಟಲಕ್ಷ್ಮಿ ಹಿಂತಿರುಗಿ ನೋಡದೆಯೇ ಗದರಿ, ಮತ್ತೆ ಮೊದಲಿನಿಂದ ಎತ್ತಿದಳು.