ಗಿರಣಿ ಅಕ್ಕ

ಹೋದ ವಾರ ಕಡೂರಿನ ಪೇಟೆಯಲ್ಲಿ ನಡೆದು ಹೋಗುತ್ತಿದ್ದಾಗ, ಆಗತಾನೇ ಬೀಸಿದ ರಾಗಿಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಅಕ್ಕನ ಗಂಡ ಮಿಲಿಟರಿಯಲ್ಲಿದ್ದ. ಎಪ್ಪತ್ತೊಂದರ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದವರು ಅಕ್ಕ, ಕಂಕುಳಲ್ಲಿ ಒಂದು ಹೆಣ್ಣುಮಗು, ಮಾತೇ ಬಿಟ್ಟಿದ್ದ ಮಾವ. ಯೋಧರ ಮನೆಯವರಿಗೆ ನೆರವಾಗುತ್ತಿದ್ದ ತರೀಕೆರೆಯ ಸಂಘವೊಂದರವರು ಅಕ್ಕಿ ಮೂಟೆ, ಸೀರೆ ಹೊತ್ತು ಬಂದರು. ಅಕ್ಕ ಕೈಮುಗಿದು ಕೇಳಿದ್ದು ಬೇರೆಯೇ.

"ಈ ಅಕ್ಕಿ ತೀರಿದ್ ಮೇಲೆ ಮತ್ತೆ ನಿಮ್ ದಾರೀನೇ ನೋಡ್ಬೇಕಲ್ಲ ಸ್ವಾಮಿ? ಸಾಲ ಅಂತ ಕೊಡಿ. ಒಂದ್ ಹಿಟ್ಟಿನ ಗಿರಣಿ ಹಾಕ್ಕೊಂತೀನಿ, ದುಡಿದು ತೀರಿಸ್ತೀನಿ."

ಗಿರಣಿ ಬಂತು. ಗಿರಾಕಿಗಳೂ ಬಂದರು, ಆದರೆ ದಿನದ ರಾಗಿಗೆ ಮಾತ್ರ. ಗಂಡ ಸತ್ತವಳು ಮುಟ್ಟಿದ್ದು ಶುಭಕ್ಕೆ ಆಗದೆಂದು, ಮದುವೆ ಮನೆಯ ಅಕ್ಕಿಯನ್ನು ಅವಳ ಬಾಗಿಲ ಮುಂದೆಯೇ ಹೊತ್ತುಕೊಂಡು ಪೇಟೆಯ ಆ ತುದಿಯ ಗಿರಣಿಗೆ ಹೋಗುತ್ತಿದ್ದರು. ಸೊಸೆ ಬೀದಿ ಬಾಗಿಲಲ್ಲಿ ನಿಂತು ದುಡಿಯುವುದು ಮಾವನಿಗೂ ನುಂಗಲಾರದ ತುತ್ತು. ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿರುತ್ತಿದ್ದರೇ ಹೊರತು ಗಿರಣಿಯೊಳಗೆ ಕಾಲಿಟ್ಟವರಲ್ಲ.

ಆ ಹೊತ್ತಿಗೆ ನನ್ನ ಮದುವೆ ಗೊತ್ತಾಯಿತು. ಚಕ್ಕುಲಿಗೆಂದು ತೊಳೆದು ಒಣಗಿಸಿದ ಅಕ್ಕಿಯನ್ನು ಅವ್ವ ನೇರ ಅಕ್ಕನ ಗಿರಣಿಗೇ ತಂದಳು. ನಾನೂ ಜೊತೆಗಿದ್ದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಕಣ್ ದೊಡ್ಡವ್ವ. ನಾಳೆ ಹುಡುಗಿಗೆ ಏನಾರ ಆದ್ರೆ ಜನ ನನ್ನೇ ಅಂತಾರೆ."

"ಅನ್ಲಿ ಬಿಡು," ಅಂದಳು ಅವ್ವ. "ನಿನ್ ಗಂಡ ಅಲ್ಲಿ ನಿಂತಿದ್ದಕ್ಕೇ ನಾವಿಲ್ಲಿ ಚಪ್ಪರ ಹಾಕ್ತಿರೋದು. ಸರಿ ಅತ್ಲಾಗೆ."

ಅಕ್ಕ ಅಲುಗಲಿಲ್ಲ. ಕಣ್ಣು ತುಂಬಿತ್ತು. ಆಗ ಜಗಲಿಯಿಂದ ಮಾವ ಎದ್ದು ಬಂದರು. ಅವ್ವನ ಕೈಯಿಂದ ಡಬ್ಬ ಇಸಿದುಕೊಂಡು, ತಾವೇ ಒಳಗೆ ಹೋಗಿ ಅಕ್ಕಿಯನ್ನು ಯಂತ್ರದ ಬಾಯಿಗೆ ಸುರಿದರು.

"ಸ್ವಿಚ್ ಹಾಕಮ್ಮ," ಅಂದರು. ಮಗ ಸತ್ತ ಮೇಲೆ ಸೊಸೆಯೊಂದಿಗೆ ಅವರು ಆಡಿದ ಮೊದಲ ಮಾತು ಅದು.

ಆಮೇಲೆ ನಾನು ತವರಿಗೆ ಹೋದಾಗಲೆಲ್ಲ ಗಿರಣಿ ಮುಂದೆ ಡಬ್ಬಗಳ ಸಾಲು. ಮಾವನೇ ತೂಕ ಮಾಡುತ್ತಿದ್ದರು. ಮೀಸೆ ಬೆಳ್ಳಗಾಗಿದ್ದು ವಯಸ್ಸಿಗೋ ಹಿಟ್ಟಿಗೋ... ಅಕ್ಕ ಸಾಲ ತೀರಿಸಿದ ಮೇಲೆ, ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದ ಲಿಂಗದಹಳ್ಳಿಯವನೊಬ್ಬನಿಗೆ ಸೈಕಲ್ ಅಂಗಡಿ ಹಾಕಲು ಸಂಘದವರು ಅದೇ ಹಣ ಕೊಟ್ಟರಂತೆ. ಅಕ್ಕ ಬಸ್ಸು ಹತ್ತಿ ಹೋಗಿ ಆ ಅಂಗಡಿ ನೋಡಿಕೊಂಡು ಬಂದಳು. ಬಂದವಳೇ ಅವ್ವನ ಮುಂದೆ ನಕ್ಕಿದ್ದೇ ನಕ್ಕಿದ್ದು: "ನಮ್ ಗಿರಣಿ ಕರು ಹಾಕೈತೆ ಕಣ್ ದೊಡ್ಡವ್ವ!"

ಅಕ್ಕ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಮುಖ ನೋಡಲೂ ಆಗಲಿಲ್ಲ. ಈಗಲೂ ದಾವಣಗೆರೆಗೆ ಹೋಗುವಾಗ ರೈಲು ಅಜ್ಜಂಪುರದಲ್ಲಿ ನಿಂತರೆ ಎದ್ದು ಬಾಗಿಲ ಬಳಿ ಹೋಗುತ್ತೇನೆ. ಅವ್ವನೂ ಇಲ್ಲ, ಅಕ್ಕನ ಮಗಳೂ ಮದುವೆಯಾಗಿ ಊರು ಬಿಟ್ಟಳು. ಇಳಿದರೆ ಯಾರ ಮನೆಗೆ ಹೋಗಲಿ... ರೈಲು ಹೊರಡುವವರೆಗೂ ಅಲ್ಲೇ ನಿಂತಿದ್ದು, ಬಂದು ಕೂತುಕೊಳ್ಳುತ್ತೇನೆ.