ಟ್ರಾನ್ಸ್‌ಫಾರ್ಮರ್ ಒಳಗಿನ ದುಂಬಿ

ಬೆಳಿಗ್ಗೆ ಫ್ರಿಜ್ಜಿನ ಸ್ಟೆಬಿಲೈಜರ್ ಗುಂಯ್‌ಗುಟ್ಟಿತು. ಆ ಸದ್ದಿಗೆ ಮನಸ್ಸು ಚಿಕ್ಕಂದಿನ ಹಳೇಬೀಡಿನ ನಮ್ಮ ನಡುಮನೆಗೆ ಹೋಗಿಬಿಟ್ಟಿತು.

ಅಪ್ಪ ಬೊಂಬಾಯಿಯಿಂದ ಅಮೆರಿಕದ ಹಳೆಯ ರೆಕಾರ್ಡ್ ಪ್ಲೇಯರ್ ತಂದಿದ್ದರು. ನಮ್ಮ ಕರೆಂಟು ಅದಕ್ಕೆ ಜಾಸ್ತಿಯಾಗುತ್ತದೆಂದು, ಇಳಿಸಿಕೊಡಲು ಒಂದು ಭಾರದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೂ ಜೊತೆಗಿತ್ತು. ತಟ್ಟೆ ತಿರುಗಿತು. ಆದರೆ ಹಾಡುವವಳ ದನಿ ದಪ್ಪಗಾಗಿ, ಎಳೆದೆಳೆದು ಬಂತು. ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು.

ನಮ್ಮಜ್ಜಿ ನೀರನ್ನೂ ಬಟ್ಟೆಯಲ್ಲಿ ಸೋಸದೆ ಕುಡಿಯದ ಜೈನ ಹೆಂಗಸು. ಪೆಟ್ಟಿಗೆಯನ್ನೇ ದುರುಗುಟ್ಟಿ ನೋಡಿದಳು.

"ಇದ್ರೊಳಗೆ ದುಂಬಿ ಸಿಕ್ಕೊಂಡೈತೆ ಕಣೋ. ಜೀವ ನರಳ್ತಾ ಐತೆ, ಅದಕ್ಕೇ ಹಾಡೂ ನರಳ್ತಾ ಐತೆ. ಮೊದ್ಲು ಆರಿಸು."

"ಅಲ್ಲಮ್ಮಾ, ಅದು ಕರೆಂಟಿನ ಸದ್ದು. ಅಲ್ಲಿನ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡೀತದೆ, ನಮ್ದು ಐವತ್ತೇ. ಅದನ್ನ ಈ ಪೆಟ್ಟಿಗೆ ಬದಲಿಸಲ್ಲ, ಅದಕ್ಕೇ ಇಲ್ಲಿ ತಟ್ಟೆ ನಿಧಾನ ತಿರುಗ್ತದೆ," ಎಂದರು ಅಪ್ಪ.

"ಬಲ್ಬಲ್ಲೂ ಕರೆಂಟೈತೆ. ಅದು ಯಾವತ್ತು ಗುಂಯ್ ಅಂದೈತೆ?"

ಸೋತ ಅಪ್ಪ ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ ತೋರಿಸಿದರು. ಒಳಗಿದ್ದದ್ದು ಕಬ್ಬಿಣದ ತಗಡು, ತಾಮ್ರದ ತಂತಿ ಅಷ್ಟೇ. ಅಜ್ಜಿ ಬಗ್ಗಿ ಕಿವಿಯಿಟ್ಟಳು. ಮುಖ ಅರಳಿತು.

"ನೋಡ್ದಾ, ಈಗ ಸದ್ದೇ ಇಲ್ಲ. ನೀನು ಬಿಚ್ಚಿದ್ದೇ ತಡ, ಹಾರೋಯ್ತು."

ಇವತ್ತು ಸ್ಟೆಬಿಲೈಜರಿನ ಸ್ವಿಚ್ ಆರಿಸಿದೆ. ಸದ್ದು ನಿಂತಿತು. ಎಲ್ಲ ಗೊತ್ತಿದ್ದೂ, ಹೋಗಿ ಕಿಟಕಿ ತೆರೆದೆ.